ಪೌರಕಾರ್ಮಿಕರಿಗೆ ಸುರಕ್ಷತೆಯ ಪಾಠ: ಹಾಜರಿ ಜಾಗದಿಂದಲೇ ಶುರು ಮಾಡಿ

ಕೆಲವು ವರ್ಷಗಳ ಹಿಂದೆ ಒಂದು ಊರಿನ ಪುರಭವನದಲ್ಲಿ ಪೌರಕಾರ್ಮಿಕರಿಗೆ ಸುರಕ್ಷತಾ ತರಬೇತಿ ಇತ್ತು. ಪಾಠ ಮಾಡಿದವನು ನಾನೇ. ಬೆಳಕು ಹರಿಯುವ ಮೊದಲೇ ರಸ್ತೆಗೆ ಇಳಿದು ಗುಡಿಸಿ ಬಂದವರನ್ನು ಮಧ್ಯಾಹ್ನ ಎರಡು ಗಂಟೆಗೆ ಕುರ್ಚಿಯಲ್ಲಿ ಕೂರಿಸಿದ್ದೆವು. ಗೋಡೆ ಮೇಲೆ ಚಿತ್ರ ಬೀಳುತ್ತಿತ್ತು. ‘ಕೈಗೆ ಗ್ಲೌಸ್ ಕಡ್ಡಾಯ’ ಎಂದು ನಾನು ಹೇಳುತ್ತಿದ್ದೆ. ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಣ್ಣುಮಗಳು ಎದ್ದು ಬಂದರು. ಆಗ ತಾನೇ ಹಂಚಿದ್ದ ರಬ್ಬರ್ ಗ್ಲೌಸ್ ಹಾಕಿಕೊಂಡು ಕೈ ಚಾಚಿದರು. ಬೆರಳ ತುದಿಯಿಂದ ಆಚೆ ಇಂಚಿನಷ್ಟು ರಬ್ಬರ್ ಜೋತಾಡುತ್ತಿತ್ತು.

‘ಇದ್ರಲ್ಲಿ ಪೊರಕೆ ಹೆಂಗೆ ಹಿಡಿಯೋದು ಸಾರ್?’

ನಾನು ಅದನ್ನು ಇಸಿದುಕೊಂಡು ಹಾಕಿ ನೋಡಿದೆ. ನನ್ನ ಕೈಗೆ ಸರಿಯಾಗಿತ್ತು. ಆ ಗ್ಲೌಸ್ ಕೊಂಡದ್ದು ನನ್ನಂಥ ಗಂಡಸರ ಕೈ ಅಳತೆಗೆ. ಗುಡಿಸುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಅವರ ಕೈ ಅಳತೆಯನ್ನು ಯಾರೂ ಕೇಳಿರಲಿಲ್ಲ.

ಅಂದಿನಿಂದ ನಾನು ಪುರಭವನದಲ್ಲಿ ತರಬೇತಿ ಮಾಡುವುದನ್ನು ಬಿಟ್ಟೆ. ಈಗ ಮಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ನೀವು ಪುರಸಭೆಯ ಆರೋಗ್ಯ ನಿರೀಕ್ಷಕರಿರಬಹುದು, ಪರಿಸರ ಇಂಜಿನಿಯರ್ ಇರಬಹುದು, ವಾರ್ಡ್ ಸಮಿತಿಯಲ್ಲಿರಬಹುದು ಅಥವಾ ಸಂಘ ಸಂಸ್ಥೆಯಿಂದ ಬಂದವರಿರಬಹುದು. ದೊಡ್ಡ ಖರ್ಚು ಬೇಕಿಲ್ಲ. ಆದರೆ ಬೆಳಿಗ್ಗೆ ಬೇಗ ಏಳಬೇಕು.

ಮೊದಲ ಹೆಜ್ಜೆ: ಒಂದು ಪೂರ್ತಿ ದಿನ ಜೊತೆಗೆ ನಡೆಯಿರಿ

ಪಾಠ ತಯಾರು ಮಾಡುವ ಮೊದಲು ಒಂದು ಬೀಟ್, ಅಂದರೆ ಒಂದು ತಂಡ ದಿನವೂ ಗುಡಿಸುವ ರಸ್ತೆಗಳ ಸುತ್ತು, ಆರಿಸಿಕೊಳ್ಳಿ. ಹಾಜರಿ ಹಾಕುವ ಹೊತ್ತಿನಿಂದ ಕೆಲಸ ಬಿಡುವ ತನಕ ಅವರ ಜೊತೆಗೇ ಇರಿ. ಫೋಟೊ ತೆಗೆಯಬೇಡಿ. ಒಂದು ಸಣ್ಣ ನೋಟ್‌ಬುಕ್ ಸಾಕು.

ಏನು ಬರೆದುಕೊಳ್ಳಬೇಕು? ಬರಿಗೈ ಎಲ್ಲೆಲ್ಲಿ ಕಸದೊಳಗೆ ಹೋಗುತ್ತದೆ. ಕುಡಿಯುವ ನೀರು ಎಲ್ಲಿ ಸಿಗುತ್ತದೆ. ಶೌಚಾಲಯಕ್ಕೆ ಎಲ್ಲಿಗೆ ಹೋಗುತ್ತಾರೆ, ಅಥವಾ ಹೋಗದೆ ತಡೆದುಕೊಳ್ಳುತ್ತಾರಾ. ಯಾವ ಗಲ್ಲಿಯಲ್ಲಿ ನಾಯಿಗಳ ಕಾಟ. ಬೀದಿ ದೀಪ ಇಲ್ಲದ ಜಾಗ ಯಾವುದು. ತಿಂಡಿ ತಿನ್ನುವ ಮುಂಚೆ ಕೈ ತೊಳೆಯಲು ನಲ್ಲಿ ಇದೆಯಾ. ಸೋಪ್ ಇದೆಯಾ.

ಎಲೆ ಅಡಿಕೆ, ಕಡ್ಡಿಪುಡಿ ಹಾಕುವ ಹೊತ್ತನ್ನೂ ಗಮನಿಸಿ. ಕಸ ಎತ್ತಿದ ಕೈ ಅದೇ ಹೊತ್ತಿಗೆ ಬಾಯಿಗೆ ಹೋಗುತ್ತದೆ. ‘ಅದನ್ನ ಬಿಡಿ’ ಎಂದು ಮೊದಲ ದಿನವೇ ಉಪದೇಶ ಮಾಡಿದರೆ ಎರಡನೇ ದಿನ ನಿಮ್ಮ ಮಾತು ಯಾರೂ ಕೇಳುವುದಿಲ್ಲ. ಕೈ ತೊಳೆದು ಹಾಕಿಕೊಳ್ಳಿ ಎಂಬಲ್ಲಿಂದ ಶುರು ಮಾಡಿದರೆ ಕೇಳುತ್ತಾರೆ. ಬಿಡಿಸುವ ಮಾತು ಆಮೇಲೆ.

ಈ ನೋಟ್‌ಬುಕ್ಕೇ ನಿಮ್ಮ ಪಾಠದ ಪುಸ್ತಕ.

ಎರಡನೇ ಹೆಜ್ಜೆ: ಅಳತೆ ತೆಗೆದುಕೊಂಡು ಸಾಮಾನು ತರಿಸಿ

ಸಾಮಾನು ಕೈಗೆ ಬರುವ ಮುನ್ನ ಪಾಠ ಬೇಡ. ‘ಗ್ಲೌಸ್ ಹಾಕಿ’ ಎಂದು ಹೇಳಿ ಗ್ಲೌಸ್ ಕೊಡದಿದ್ದರೆ ಅದು ಕೆಲಸಗಾರರಿಗೆ ಮಾಡುವ ಅವಮಾನ. 2016ರ ಘನತ್ಯಾಜ್ಯ ನಿರ್ವಹಣೆ ನಿಯಮಗಳಲ್ಲೇ ಪಟ್ಟಿ ಇತ್ತು: ಸಮವಸ್ತ್ರ, ಹೊಳೆಯುವ ಜಾಕೆಟ್, ಕೈಗವಸು, ರೇನ್‌ಕೋಟ್, ತಕ್ಕ ಪಾದರಕ್ಷೆ, ಮಾಸ್ಕ್. ಕಸದ ಕೆಲಸ ಮಾಡುವ ಎಲ್ಲರಿಗೂ ಇವು ಸಿಗುವಂತೆ ನೋಡಿಕೊಳ್ಳುವ ಹೊಣೆ ಸ್ಥಳೀಯ ಸಂಸ್ಥೆಯದ್ದು ಎಂದೂ ಹೇಳಿತ್ತು. ಕಾಯಂ ನೌಕರರಿಗೆ ಒಂದು, ಗುತ್ತಿಗೆಯವರಿಗೆ ಇನ್ನೊಂದು ಎಂಬ ಭೇದ ಅದರಲ್ಲಿ ಇರಲಿಲ್ಲ.

ಅಳತೆ ತೆಗೆಯುವುದು ಸುಲಭ. ಒಂದು ಹಾಳೆ ಮೇಲೆ ಎಲ್ಲರ ಅಂಗೈ ಇರಿಸಿ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಪಾದಕ್ಕೂ ಹಾಗೇ. ಹೆಸರು ಬರೆಯಿರಿ. ಆ ಹಾಳೆಗಳನ್ನು ಇಂಡೆಂಟ್ (ಸಾಮಾನಿನ ಬೇಡಿಕೆ ಪಟ್ಟಿ) ಜೊತೆ ಲಗತ್ತಿಸಿ. ಒಂದೇ ಸೈಜಿನ ಶೂ ನೂರು ಜೊತೆ ತಂದು ರಾಶಿ ಹಾಕಿದ್ದನ್ನು ನಾನು ನೋಡಿದ್ದೇನೆ. ವಾರದೊಳಗೆ ಎಲ್ಲರೂ ಮತ್ತೆ ಹವಾಯಿ ಚಪ್ಪಲಿಗೆ ಮರಳಿದರು. ಶೂ ಒಳಗೆ ಕಾಲು ಜಾರಿ ಹಿಮ್ಮಡಿಗೆ ಬೊಬ್ಬೆ ಬಂದಿತ್ತು. ತಪ್ಪು ಅವರದ್ದಾ, ಹೇಳಿ?

ಕೆಲಸಕ್ಕೆ ತಕ್ಕ ಗ್ಲೌಸ್ ಬೇಕು. ರಸ್ತೆ ಗುಡಿಸುವವರಿಗೆ ಅಂಗೈ ಭಾಗಕ್ಕೆ ಮಾತ್ರ ರಬ್ಬರ್ ಲೇಪನ ಇರುವ ಬಟ್ಟೆ ಗ್ಲೌಸ್ ಹಿತ. ಬೆವರು ಕಡಿಮೆ, ಹಿಡಿತ ಚೆನ್ನಾಗಿರುತ್ತದೆ. ಚರಂಡಿ ಹೂಳು ಎತ್ತುವವರಿಗೆ ಮೊಣಕೈ ತನಕ ಬರುವ ದಪ್ಪ ರಬ್ಬರ್ ಗ್ಲೌಸ್, ಜೊತೆಗೆ ಗಮ್‌ಬೂಟ್. ಗಾಡಿಯಲ್ಲಿ ಕಸ ಬೇರೆ ಮಾಡುವವರಿಗೆ ಗಾಜು, ಮೊಳೆ ಕುಯ್ಯದಂಥ ದಪ್ಪದ್ದು ಬೇಕು. ಇನ್ನೊಂದು ಮಾತು. ಬಟ್ಟೆ ಗ್ಲೌಸ್ ಒದ್ದೆಯಾದರೆ ಒಣಗಲು ದಿನ ಬೇಕು. ಒಬ್ಬರಿಗೆ ಎರಡು ಜೊತೆ ಕೊಡಿ.

ಪೊರಕೆಯನ್ನೂ ಸುರಕ್ಷತಾ ಸಾಮಾನು ಎಂದೇ ಲೆಕ್ಕ ಹಾಕಿ. ಗಿಡ್ಡ ಕಡ್ಡಿ ಪೊರಕೆಯಲ್ಲಿ ಗುಡಿಸಿದರೆ ಇಡೀ ದಿನ ಸೊಂಟ ಬಗ್ಗಿಸಿರಬೇಕು. ಅದಕ್ಕೆ ಎದೆ ಮಟ್ಟದ ಬಿದಿರಿನ ಕೋಲು ಕಟ್ಟಿದರೆ ನೆಟ್ಟಗೆ ನಿಂತು ಗುಡಿಸಬಹುದು. ಧೂಳೂ ಮುಖದಿಂದ ದೂರ. ಒಂದು ಕೋಲು ಮತ್ತು ಗಟ್ಟಿ ಹುರಿ, ಇಷ್ಟೇ ಖರ್ಚು. ರಸ್ತೆ ಧೂಳಿನಲ್ಲಿ ಸಣ್ಣ ಮರಳಿನ ಪುಡಿ ಇರುತ್ತದೆ. ವರ್ಷಗಟ್ಟಲೆ ಉಸಿರಿನಲ್ಲಿ ಹೋದರೆ ಶ್ವಾಸಕೋಶ ಹಾಳಾಗುತ್ತದೆ. ಸೀರೆ ಸೆರಗು ಅಥವಾ ಟವೆಲ್ ಕಟ್ಟಿಕೊಂಡರೆ ಆ ಪುಡಿ ತಡೆಯುವುದಿಲ್ಲ. ಎನ್‌95 ಮಾಸ್ಕ್ ತಡೆಯುತ್ತದೆ, ಆದರೆ ಬಿಸಿಲೇರಿದ ಮೇಲೆ ಅದನ್ನು ಹಾಕಿಕೊಂಡಿರುವುದು ಕಷ್ಟ. ಹಾಗಾಗಿ ಧೂಳು ಜಾಸ್ತಿ ಇರುವ ಮುಖ್ಯ ರಸ್ತೆಗಳನ್ನು ಮೊದಲು, ತಂಪು ಹೊತ್ತಿನಲ್ಲಿ ಮುಗಿಸುವಂತೆ ಬೀಟ್ ಬದಲಿಸಿ.

ಮೂರನೇ ಹೆಜ್ಜೆ: ಮೊದಲು ಮೇಸ್ತ್ರಿಗೆ ಪಾಠ

ಇದನ್ನು ಬಿಟ್ಟರೆ ಉಳಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹಾಜರಿ ಪುಸ್ತಕ ಮೇಸ್ತ್ರಿ ಕೈಯಲ್ಲಿರುತ್ತದೆ. ‘ಬೇಗ ಬೇಗ ಮುಗಿಸ್ರಿ, ಸಾಹೇಬ್ರು ಬರ್ತಾರೆ’ ಎಂದು ಅವರು ಕೂಗಿದರೆ ಮೊದಲು ಬಿಚ್ಚಿಡುವುದು ಗ್ಲೌಸನ್ನೇ. ಬರಿಗೈ ಬೇಗ ಓಡುತ್ತದೆ.

ಮೇಸ್ತ್ರಿ, ದಫೇದಾರ್, ಟಿಪ್ಪರ್ ಚಾಲಕರು, ಇವರನ್ನು ಬೇರೆಯಾಗಿ ಅರ್ಧ ದಿನ ಕೂರಿಸಿ. ಮೂರು ವಿಷಯ ಅವರ ತಲೆಯಲ್ಲಿ ನಿಲ್ಲಬೇಕು. ಗಾಯವಾಯಿತು ಎಂದು ಹೇಳಿದವರಿಗೆ ಆ ದಿನದ ಹಾಜರಿ ಕತ್ತರಿಸುವಂತಿಲ್ಲ. ಹಿಂದಿನ ಮೆಟ್ಟಿಲ ಮೇಲೆ ಆಳು ನಿಂತಿದ್ದರೆ ಗಾಡಿ ಮುಂದೆ ಹೋಗುವಂತಿಲ್ಲ. ಗಾಡಿಯ ಕಸ ಒತ್ತುವ ಯಂತ್ರ ಓಡುತ್ತಿರುವಾಗ ಕಸ ತಳ್ಳಲು ಯಾರೂ ಕೈ ಹಾಕುವಂತಿಲ್ಲ. ಮೂರನೆಯದಕ್ಕೆ ಚಾಲಕರೇ ಹೊಣೆ. ಕೀ ಅವರ ಹತ್ತಿರ ಇರುತ್ತದೆ.

ಮೇಸ್ತ್ರಿಗಳಲ್ಲಿ ಹಲವರು ಹಿಂದೆ ಪೊರಕೆ ಹಿಡಿದವರೇ. ತಮ್ಮ ಕೈ ಕಾಲಿನ ಹಳೆ ಗಾಯಗಳನ್ನು ತೋರಿಸಿ ಕತೆ ಹೇಳಲು ಅವರನ್ನೇ ಕೇಳಿ. ನಮ್ಮ ಹತ್ತು ಚಿತ್ರಗಳಿಗಿಂತ ಆ ಒಂದು ಕಲೆ ಜಾಸ್ತಿ ಹೇಳುತ್ತದೆ.

ನಾಲ್ಕನೇ ಹೆಜ್ಜೆ: ವಾರಕ್ಕೊಂದು ಸಲ, ಹದಿನೈದು ನಿಮಿಷ

ಹಾಜರಿ ಹಾಕಿದ ಕೂಡಲೇ, ನಿಂತಲ್ಲೇ ಪಾಠ. ಒಂದು ವಾರಕ್ಕೆ ಒಂದೇ ವಿಷಯ. ಕೆಲಸದ ಸಮಯದಲ್ಲೇ ಆಗಬೇಕು, ಅವರ ವಿಶ್ರಾಂತಿ ಹೊತ್ತು ಕದಿಯಬಾರದು. ಭಾಷೆಯನ್ನೂ ನೋಡಿಕೊಳ್ಳಿ. ಬೆಂಗಳೂರು, ಕೋಲಾರ, ಪಾವಗಡದ ಕಡೆ ಬಹಳ ಜನರ ಮನೆಮಾತು ತೆಲುಗು. ಅವರಲ್ಲೇ ಮಾತಿನಲ್ಲಿ ಚುರುಕಾದ ಒಬ್ಬರಿಗೆ ಹಿಂದಿನ ದಿನವೇ ವಿಷಯ ಹೇಳಿಕೊಟ್ಟು ಅವರಿಂದಲೇ ಪಾಠ ಮಾಡಿಸಿ. ಅಕ್ಕ ಹೇಳಿದ್ದು ಅಕ್ಕಂದಿರಿಗೆ ಬೇಗ ನಾಟುತ್ತದೆ.

ಮಾತು ಕಡಿಮೆ ಇರಲಿ, ವಸ್ತು ಇಟ್ಟು ತೋರಿಸಿ. ನಾನು ಮೊದಲ ವಾರ ಮಾಡುವುದನ್ನು ಹೇಳುತ್ತೇನೆ. ಗಂಟು ಹಾಕಿದ ಒಂದು ಕಪ್ಪು ಚೀಲ ನೆಲದ ಮೇಲೆ ಇಡುತ್ತೇನೆ. ಒಳಗೆ ಹಣ್ಣಿನ ಸಿಪ್ಪೆ, ಕಾಗದ, ಒಡೆದ ಬಳೆ, ಮುಚ್ಚಳ ಹಾಕಿದ ಒಂದು ಹೊಸ ಸಿರಿಂಜ್. ‘ಇದನ್ನ ನೀವು ಹೇಗೆ ಎತ್ತುತ್ತೀರಿ?’ ಎಂದು ಕೇಳುತ್ತೇನೆ. ಮುಕ್ಕಾಲು ಪಾಲು ಜನ ತಳಕ್ಕೆ ಕೈ ಕೊಟ್ಟು ಎದೆಗೆ ಆನಿಸಿಕೊಂಡು ಎತ್ತುತ್ತಾರೆ. ತೂಕ ಹೊರುವವರಿಗೆ ಅದೇ ಸಹಜ. ಆಮೇಲೆ ಚೀಲವನ್ನು ಬಿಚ್ಚಿ ಸೂಜಿ ಎಲ್ಲಿತ್ತು ತೋರಿಸುತ್ತೇನೆ. ತಳದಲ್ಲೇ ಇರುತ್ತದೆ. ಭಾರದ ವಸ್ತು, ಚೂಪು ವಸ್ತು ಕೆಳಗೇ ಇಳಿಯುತ್ತದೆ. ಹಾಗಾಗಿ ಗಂಟು ಹಿಡಿದು, ಮೈಯಿಂದ ದೂರ ಇಟ್ಟು ಎತ್ತಬೇಕು. ಭಾರ ಇದ್ದರೆ ಇಬ್ಬರು. ಕಾಲಿನಿಂದ ಅದುಮಿ ಕಸ ತುಂಬಬಾರದು. ಎಲ್ಲರೂ ಒಂದೊಂದು ಸಲ ಮಾಡಿ ತೋರಿಸುವ ತನಕ ಮುಂದಿನ ಮಾತಿಲ್ಲ.

ಎರಡನೇ ವಾರ: ಸೂಜಿ ಚುಚ್ಚಿದರೆ ಏನು ಮಾಡಬೇಕು. ಚುಚ್ಚಿದ ಜಾಗವನ್ನು ಹಿಂಡಿ ರಕ್ತ ತೆಗೆಯುವುದು, ಬಾಯಿಗೆ ಹಾಕಿ ಚೀಪುವುದು, ಸುಣ್ಣ ಹಚ್ಚುವುದು, ಇವು ಮೂರೂ ಬೇಡ. ಹರಿಯುವ ನೀರು, ಸೋಪು ಹಾಕಿ ತೊಳೆಯಬೇಕು. ಮೇಸ್ತ್ರಿಗೆ ಹೇಳಿ ಅದೇ ಗಳಿಗೆ ಸರ್ಕಾರಿ ಆಸ್ಪತ್ರೆಗೆ ಹೊರಡಬೇಕು. ಎಚ್‌ಐವಿ ತಡೆಯುವ ಮಾತ್ರೆಯನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ ಶುರು ಮಾಡಬೇಕು. 72 ಗಂಟೆ ದಾಟಿದರೆ ಉಪಯೋಗವಿಲ್ಲ. ಬೇಕೋ ಬೇಡವೋ ಎಂದು ವೈದ್ಯರು ನಿರ್ಧರಿಸುತ್ತಾರೆ. ಬೇಕೆಂದರೆ 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ‘ಎರಡು ಗಂಟೆ’ ಎಂಬುದನ್ನು ಎಲ್ಲರ ಬಾಯಲ್ಲೂ ಹೇಳಿಸಿ. ನಿಮ್ಮ ಊರಿನಲ್ಲಿ ಆ ಮಾತ್ರೆ ಯಾವ ಆಸ್ಪತ್ರೆಯಲ್ಲಿ, ರಾತ್ರಿ ಹೊತ್ತು ಯಾವ ಕೋಣೆಯಲ್ಲಿ ಸಿಗುತ್ತದೆ ಎಂದು ನೀವು ಮೊದಲೇ ಹೋಗಿ ನೋಡಿಕೊಂಡು ಬನ್ನಿ. ಇದನ್ನು ಫೋನಿನಲ್ಲಿ ಕೇಳಬೇಡಿ. ಕಾಲ್ನಡಿಗೆಯಲ್ಲಿ ಹೋಗಿ ಬಾಗಿಲು ನೋಡಿ.

ಮೂರನೇ ವಾರ ನಾಯಿ ಕಡಿತ. ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಪೊರಕೆ ಹಿಡಿದವರನ್ನು ಕಂಡರೆ ನಾಯಿಗಳು ಮೇಲೆ ಬೀಳುತ್ತವೆ. ಕಡಿದರೆ, ಬರೀ ಪರಚಿದರೂ, ಸೋಪು ಹಾಕಿ 15 ನಿಮಿಷ ನೀರಿನಲ್ಲಿ ತೊಳೆಯಬೇಕು. ಅರಿಶಿನ, ಕಾರದ ಪುಡಿ ಹಚ್ಚುವುದು ಬೇಡ. ಚುಚ್ಚುಮದ್ದಿನ ಎಲ್ಲಾ ಡೋಸ್ ಮುಗಿಸಬೇಕು. ನೋವು ಹೋಯಿತೆಂದು ಎರಡನೇ ಡೋಸ್‌ಗೆ ನಿಲ್ಲಿಸುವವರಿದ್ದಾರೆ. ಮುಂದಿನ ತಾರೀಕನ್ನು ಹಾಜರಿ ಪುಸ್ತಕದಲ್ಲೇ ಬರೆದಿಟ್ಟು, ಆ ದಿನ ಮೇಸ್ತ್ರಿಯೇ ಕಳಿಸಿಕೊಡಲಿ.

ಉಳಿದ ವಾರಗಳಿಗೆ ನಿಮ್ಮ ನೋಟ್‌ಬುಕ್ ನೋಡಿ. ಎದುರು ಬರುವ ಗಾಡಿಗೆ ಮುಖ ಮಾಡಿ ಗುಡಿಸುವುದು, ಮಳೆಗಾಲದಲ್ಲಿ ಇಲಿ ಜ್ವರ, ಒಡೆದ ಟ್ಯೂಬ್‌ಲೈಟ್, ಕಸಕ್ಕೆ ಬೆಂಕಿ ಹಚ್ಚದಿರುವುದು. ವಿಷಯಕ್ಕೇನೂ ಬರ ಇಲ್ಲ.

ಐದನೇ ಹೆಜ್ಜೆ: ಗುಂಡಿಗೆ ಇಳಿಯುವ ಮಾತೇ ಇಲ್ಲ

ಇದಕ್ಕೆ ಒಂದು ಇಡೀ ದಿನ ಮೀಸಲಿಡಿ. ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ 1970ರ ದಶಕದಲ್ಲೇ ನಿಷೇಧಿಸಲಾಯಿತು. ಆಗ ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಅದಕ್ಕೆ ಹಠ ಹಿಡಿದು ನಿಂತಿದ್ದರು. ಇಷ್ಟು ವರ್ಷ ಕಳೆದರೂ ಯುಜಿಡಿ (ಒಳಚರಂಡಿ) ಛೇಂಬರ್, ಮಲಗುಂಡಿಗಳಲ್ಲಿ ಜನ ಉಸಿರುಕಟ್ಟಿ ಸಾಯುವ ಸುದ್ದಿ ಬರುತ್ತಲೇ ಇದೆ. ಓದಿದಾಗಲೆಲ್ಲ ಹೊಟ್ಟೆಗೆ ಕಿಚ್ಚು ಬಿದ್ದಂತಾಗುತ್ತದೆ.

ಕಾನೂನನ್ನು ಸರಳವಾಗಿ ಹೇಳಿ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ರಕ್ಷಣೆಯಿಲ್ಲದೆ ಒಳಚರಂಡಿಗೆ, ಮಲಗುಂಡಿಗೆ ಮನುಷ್ಯರನ್ನು ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಶಿಕ್ಷೆ ಇಳಿಸಿದವರಿಗೆ, ಇಳಿದವರಿಗಲ್ಲ. ಸತ್ತರೆ ಕುಟುಂಬಕ್ಕೆ 10 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ಗಾಳಿಯ ವಿಷಯ ಇನ್ನೂ ಮುಖ್ಯ. ಮುಚ್ಚಿದ ಗುಂಡಿಯಲ್ಲಿ ಕೊಳೆತದ್ದರಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಸ್ವಲ್ಪ ಇದ್ದಾಗ ಮೂಗಿಗೆ ಬಡಿಯುತ್ತದೆ. ಜಾಸ್ತಿಯಾದಾಗ ಮೂಗೇ ಸತ್ತುಹೋಗುತ್ತದೆ, ವಾಸನೆ ಗೊತ್ತಾಗುವುದಿಲ್ಲ. ‘ವಾಸನೆ ಹೋಯ್ತು, ಈಗ ಇಳಿಯಬಹುದು’ ಎನ್ನುವವರು ಸಾಯುವುದು ಹೀಗೆ. ಈ ಗಾಳಿ ಮಾಮೂಲಿ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಹೂಳು ಕಲಕಿದರೆ ಒಮ್ಮೆಗೇ ಮೇಲೇಳುತ್ತದೆ. ದೀಪ ಇಳಿಸಿ ಪರೀಕ್ಷೆ ಮಾಡುವ ಹಳೆ ರೂಢಿಯನ್ನೂ ಬಿಡಿಸಿ. ಮೀಥೇನ್ ಇದ್ದರೆ ಬೆಂಕಿ ಹತ್ತಿಕೊಳ್ಳುತ್ತದೆ. ತೆರೆದ ಛೇಂಬರ್ ಹತ್ತಿರ ಬೀಡಿಯೂ ಬೇಡ.

ಇಂಥ ಸಾವುಗಳಲ್ಲಿ ಹಲವು ಸಲ ಒಬ್ಬರೇ ಹೋಗುವುದಿಲ್ಲ. ಒಬ್ಬರು ಬಿದ್ದರು ಎಂದು ಅಣ್ಣನೋ ತಮ್ಮನೋ ಜೊತೆಗಾರನೋ ಇಳಿಯುತ್ತಾರೆ. ಅವರೂ ಅಲ್ಲೇ ಉಳಿಯುತ್ತಾರೆ. ಹಾಗಾಗಿ ಈ ಒಂದು ಮಾತನ್ನು ಮತ್ತೆ ಮತ್ತೆ ಹೇಳಿಸಿ: ಬಿದ್ದವರ ಹಿಂದೆ ಇಳಿಯಬಾರದು, 112ಕ್ಕೆ ಫೋನ್ ಮಾಡಬೇಕು, ಅಗ್ನಿಶಾಮಕದವರು ಉಸಿರಾಟದ ಸಿಲಿಂಡರ್ ಹಾಕಿಕೊಂಡು ಬರಬೇಕು. ಕೇಳಲು ಕಲ್ಲೆದೆಯ ಮಾತು ಅನ್ನಿಸುತ್ತದೆ. ಆದರೆ ಎರಡನೇ ಹೆಣ ಎತ್ತುವುದನ್ನು ಇದೊಂದೇ ತಪ್ಪಿಸುತ್ತದೆ.

ಕೊನೆಗೆ ‘ಇಲ್ಲ’ ಎನ್ನುವುದನ್ನು ಅಭ್ಯಾಸ ಮಾಡಿಸಿ. ನಿಜಕ್ಕೂ ಬಾಯಿಬಿಟ್ಟು ಹೇಳಿಸಿ. ನೀವು ಮನೆ ಮಾಲೀಕರ ಪಾತ್ರ ಮಾಡಿ: ‘ಐದೇ ನಿಮಿಷದ ಕೆಲಸ ಕಣಪ್ಪ, ಸಾವಿರ ಜಾಸ್ತಿ ಕೊಡ್ತೀನಿ.’ ಎದುರಿನವರು ಹೇಳಬೇಕು: ‘ಇಳಿಯಲ್ಲ ಸಾರ್. ಸಕ್ಕಿಂಗ್ ಮಷೀನ್ ತರಿಸಿ.’ ಮೊದಲ ಸಲ ಯಾರಿಗೂ ಧ್ವನಿಯೇ ಏಳುವುದಿಲ್ಲ. ತಲೆ ತಗ್ಗಿಸುತ್ತಾರೆ. ನಾಲ್ಕೈದು ಸಲ ಆದ ಮೇಲೆ ಕಣ್ಣಿಟ್ಟು ನೋಡಿ ಹೇಳುತ್ತಾರೆ. ಕೆಲಸ ಇಲ್ಲದ ದಿನ ಆ ಸಾವಿರ ರೂಪಾಯಿ ಎಷ್ಟು ದೊಡ್ಡದು ಎಂದು ನಮಗೂ ಗೊತ್ತು, ಅಲ್ವಾ? ಅದಕ್ಕೇ ಮಷೀನ್ ಕರೆಸುವ ಪುರಸಭೆಯ ನಂಬರನ್ನು, ಸಹಾಯವಾಣಿ 14420 ಅನ್ನು ಅವರ ಫೋನಿನಲ್ಲಿ ನೀವೇ ಹಾಕಿಕೊಡಿ.

ಆರನೇ ಹೆಜ್ಜೆ: ನೀರು, ನೆರಳು, ಶೌಚಾಲಯ

ಬೀಟ್ ನಕ್ಷೆಯ ಮೇಲೆ ಈ ಮೂರನ್ನೂ ಗುರುತು ಮಾಡಿ. ಇಲ್ಲದ ಕಡೆ ಪೆಟ್ರೋಲ್ ಬಂಕ್, ಹೋಟೆಲ್, ದೇವಸ್ಥಾನ, ಶಾಲೆಯವರ ಹತ್ತಿರ ನೀವೇ ಹೋಗಿ ಮಾತಾಡಿ. ಕೆಲಸಗಾರರು ಕೇಳಿದರೆ ಬಾಗಿಲು ಹಾಕುವವರು ನೀವು ಕೇಳಿದರೆ ತೆಗೆಯುತ್ತಾರೆ. ಅದು ಬೇಸರದ ಸಂಗತಿ, ಆದರೆ ಸದ್ಯಕ್ಕೆ ಅದನ್ನು ಬಳಸಿಕೊಳ್ಳಿ. ಶೌಚಾಲಯ ಸಿಗದ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ. ಉರಿಮೂತ್ರ, ತಲೆಸುತ್ತು ಎಲ್ಲ ಅಲ್ಲಿಂದ ಶುರು.

ಬೇಸಿಗೆಯಲ್ಲಿ ಪ್ರತಿ ಹಾಜರಿ ಜಾಗದಲ್ಲೂ ಓಆರ್‌ಎಸ್ ಇರಲಿ. ದೊಡ್ಡ ಪ್ಯಾಕೆಟ್ ಒಂದನ್ನು ಒಂದು ಲೀಟರ್ ನೀರಿಗೆ ಕರಗಿಸಬೇಕು, ಲೋಟಕ್ಕಲ್ಲ. ಬಿಸಿಲಿನಲ್ಲಿ ಮೈ ಸುಡುತ್ತಾ ಮಾತು ತೊದಲಿದರೆ ಅದು ಬರೀ ಸುಸ್ತಲ್ಲ. ನೆರಳಿಗೆ ಮಲಗಿಸಿ, ಮೈ ಮೇಲೆ ನೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಬೇಕು. ಎಚ್ಚರ ಸರಿಯಿಲ್ಲದಿದ್ದರೆ ಬಾಯಿಗೆ ನೀರು ಹುಯ್ಯಬಾರದು.

ಏಳನೇ ಹೆಜ್ಜೆ: ಲಸಿಕೆ ಮತ್ತು ಕಾಗದ ಪತ್ರ

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ಧನುರ್ವಾಯು ಲಸಿಕೆ 10 ವರ್ಷಕ್ಕೊಮ್ಮೆ. ತಾಲ್ಲೂಕು ಆರೋಗ್ಯಾಧಿಕಾರಿಗೆ ಪತ್ರ ಬರೆದು ಹಾಜರಿ ಜಾಗಕ್ಕೇ ಸಿಸ್ಟರ್‌ಗಳನ್ನು ಕರೆಸಿ. ‘ಬಿಡುವಾದಾಗ ಆಸ್ಪತ್ರೆಗೆ ಹೋಗಿ’ ಎಂದರೆ ಯಾರೂ ಹೋಗಲಾರರು. ಒಂದು ದಿನದ ಕೂಲಿ ಹೋಗುತ್ತದೆ.

ಗುತ್ತಿಗೆಯವರ ಇಎಸ್‌ಐ, ಪಿಎಫ್ ಹಣ ನಿಜಕ್ಕೂ ಕಟ್ಟುತ್ತಿದ್ದಾರಾ ಎಂದು ಒಬ್ಬೊಬ್ಬರ ನಂಬರ್ ಹಾಕಿ ನೋಡಿ. ಸಂಬಳದಲ್ಲಿ ಕಡಿತ ಇರುತ್ತದೆ, ಖಾತೆಯಲ್ಲಿ ಹಣ ಇರುವುದಿಲ್ಲ. ಇಂಥದ್ದನ್ನು ಒಂದು ಊರಿನಲ್ಲಿ ಹೀಗೆ ಕೂತು ನೋಡುವಾಗಲೇ ಕಂಡುಹಿಡಿದೆವು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಅದರಲ್ಲಿ ಯಾರಿದ್ದಾರೆ ಎಂದು ಹೆಸರು ಹೇಳಿ, ಆ ಮೇಡಂ ಅವರನ್ನು ಒಂದು ದಿನ ಹಾಜರಿಗೆ ಕರೆತಂದು ಮುಖ ತೋರಿಸಿ.

ಜನರ ಪಾಲಿನದ್ದೂ ಸ್ವಲ್ಪ ಇದೆ. ಗಾಜು, ಬ್ಲೇಡನ್ನು ದಪ್ಪ ಕಾಗದದಲ್ಲಿ ಸುತ್ತಿ, ಪ್ಯಾಡ್, ಡೈಪರ್ ಬೇರೆ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಕೊಡಲು ಮನೆಮನೆಗೆ ಹೇಳಿ. ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಳ್ಳುವವರು ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದು ಕೊಡಲಿ.

ಎಂಟನೇ ಹೆಜ್ಜೆ: ಗಾಯದ ಪುಸ್ತಕ

ಹಾಜರಿ ಪುಸ್ತಕದ ಪಕ್ಕದಲ್ಲಿ ಇನ್ನೊಂದು ನೂರು ಪುಟದ ಪುಸ್ತಕ ಇಡಿ. ತಾರೀಕು, ಜಾಗ, ಏನಾಯಿತು, ಏನು ಮಾಡಿದೆವು, ಇಷ್ಟೇ ಕಾಲಂ. ಚುಚ್ಚಿದ್ದು, ಜಾರಿದ್ದು, ಗಾಡಿ ತಾಗಿಕೊಂಡು ಹೋಗಿದ್ದು, ಸ್ವಲ್ಪದರಲ್ಲಿ ತಪ್ಪಿದ್ದು ಎಲ್ಲ ಬರೆಯಬೇಕು. ಬರೆಯಲು ಬಾರದವರು ಹೇಳಲಿ, ಮೇಸ್ತ್ರಿ ಬರೆಯಲಿ. ತಿಂಗಳಿಗೊಮ್ಮೆ ಎಲ್ಲರ ಮುಂದೆ ಓದಿ. ಒಂದೇ ಗಲ್ಲಿಯ ಹೆಸರು ಮೂರು ಸಲ ಬಂದರೆ ಆ ಗಲ್ಲಿಗೆ ನೀವೇ ಹೋಗಿ ನೋಡಿ. ಒಂದು ಊರಿನಲ್ಲಿ ಹೀಗೆ ಹೋದಾಗ ಒಂದು ಕ್ಲಿನಿಕ್ ಹಿಂಬದಿಯಿಂದ ಸೂಜಿಗಳು ಮನೆ ಕಸದ ಜೊತೆ ಬರುತ್ತಿದ್ದದ್ದು ಗೊತ್ತಾಯಿತು. ನೋಟಿಸ್ ಕೊಟ್ಟ ಮೇಲೆ ನಿಂತಿತು.

ಮೂರು ತಿಂಗಳು ಕಳೆದ ಮೇಲೆ ಅದೇ ಬೀಟ್‌ನಲ್ಲಿ, ಅದೇ ನೋಟ್‌ಬುಕ್ ಹಿಡಿದು ಮತ್ತೊಂದು ದಿನ ನಡೆಯಿರಿ. ಗ್ಲೌಸ್ ಬೆರಳುಗಳು ಸವೆದಿವೆಯಾ ನೋಡಿ. ಸವೆದಿದ್ದರೆ ಬಳಸುತ್ತಿದ್ದಾರೆ, ಹೊಸದು ತರಿಸಿ. ಹೊಸದರಂತೆ ಹೊಳೆಯುತ್ತಿದ್ದರೆ ಯಾಕೆ ಎಂದು ಅಕ್ಕನನ್ನೇ ಕೇಳಿ. ಗಾಯದ ಪುಸ್ತಕವನ್ನೂ ತೆರೆಯಿರಿ. ಮೂರು ತಿಂಗಳಲ್ಲಿ ಒಂದು ಸಾಲೂ ಬರೆದಿಲ್ಲ ಎಂದರೆ ಖುಷಿಪಡಬೇಡಿ. ಯಾರೋ ಹೇಳಲು ಹೆದರುತ್ತಿದ್ದಾರೆ. ಮೂರನೇ ಹೆಜ್ಜೆಗೆ ವಾಪಸ್ ಹೋಗಿ ಮೇಸ್ತ್ರಿಯ ಜೊತೆ ಕೂತು ಮಾತಾಡಿ.